ಲೇಸರ್ ಕೊಯ್ದ ಮೇಲೂ ಕೆಲಸ ಇದೆ

ಮಾನ್ಯ ಸಂಪಾದಕರೇ,

ಹೃದಯದ ರಕ್ತನಾಳ ತೆರೆದಿಡಲು ಹಾಕುವ ಸ್ಟೆಂಟ್ ಎಂಬ ಲೋಹದ ಜಾಲರಿ ಕೊಳವೆಯ ತಯಾರಿಕೆ ಕುರಿತು ನಿಮ್ಮಲ್ಲಿ ಬಂದ ಲೇಖನ ಓದಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಲೇಸರ್ ಲೋಹ ಕೊಯ್ಯುತ್ತದೆ, ಮನುಷ್ಯನ ಕೈಯೇ ಬೇಕಿಲ್ಲ ಎಂದಿದ್ದಾರೆ ಲೇಖಕರು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಈಗ ಎದೆಯಲ್ಲೊಂದು ಸ್ಟೆಂಟ್ ಇಟ್ಟುಕೊಂಡಿರುವ ನನಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ.

ನನ್ನ ತಂಗಿಯ ಮಗ ಅಂತರಸನಹಳ್ಳಿಯ ಒಂದು ಶೆಡ್‌ನಲ್ಲಿ ಲೇಸರ್ ಕಟಿಂಗ್ ಆಪರೇಟರ್. ಕಬ್ಬಿಣದ ತಗಡಿಗೆ ಆಕ್ಸಿಜನ್, ಸ್ಟೇನ್‌ಲೆಸ್ ಸ್ಟೀಲ್‌ಗೆ ನೈಟ್ರೋಜನ್ ಅನಿಲ ಊದುತ್ತಾ ಕೊಯ್ಯುತ್ತಾರೆ. ಕೊಯ್ದ ತುಂಡನ್ನು ಮಗುಚಿ ಅಂಚಿಗೆ ಬೆರಳಾಡಿಸಿದರೆ, ಕರಗಿ ಗಟ್ಟಿಯಾದ ಕಿಟ್ಟ ತರಚುತ್ತದೆ. ಗೇಟಿನ ಗ್ರಿಲ್ ಆದರೆ ಗ್ರೈಂಡರ್ ಹಿಡಿದರಾಯಿತು. ರಕ್ತನಾಳದಲ್ಲಿ ಕೂರುವ ವಸ್ತುವಿಗೆ?

ಈಗಿನ ಬಹುಪಾಲು ಸ್ಟೆಂಟ್‌ಗಳು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಸಣ್ಣ ಕೊಳವೆಯಿಂದ ಆಗುವಂಥವು. ಜಾಲರಿಯ ಕಡ್ಡಿ 60ರಿಂದ 80 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ತಲೆಗೂದಲಿನ ದಪ್ಪ. ಕೊಳವೆ ತಿರುಗುತ್ತಾ ಸರಿಯುತ್ತದೆ, ಲೇಸರ್ ಕೊರೆಯುತ್ತದೆ. ಎದುರುಗೋಡೆ ಸುಡದಿರಲೆಂದು ಒಳಗೆ ನೀರು ಹರಿಸುವುದೂ ಉಂಟು. ಅಷ್ಟಾದರೂ ಶಾಖ ತಾಕಿದ ಅಂಚಿನಲ್ಲಿ ಕಿಟ್ಟ ಉಳಿಯುತ್ತದೆ. ಅತಿ ಚಿಕ್ಕ ಮಿಡಿತಗಳಲ್ಲಿ ಬೆಳಕು ಹಾಯಿಸುವ ಫೆಮ್ಟೊಸೆಕೆಂಡ್ ಲೇಸರ್ ಬಂದ ಮೇಲೆ ಈ ತಾಪತ್ರಯ ಬಹಳ ತಗ್ಗಿದೆ ನಿಜ, ಶಾಖ ಹರಡುವ ಮೊದಲೇ ಲೋಹ ಆವಿಯಾಗಿರುತ್ತದೆ. ಆದರೆ ಆ ಮಿಷನ್ ದುಬಾರಿ.

ಕೊಯ್ದಾದ ಮೇಲೆ ಆಸಿಡ್‌ನಲ್ಲಿ ತೊಳೆದು ಎಲೆಕ್ಟ್ರೋಪಾಲಿಶ್ ಮಾಡಬೇಕು. ವಾಚಿನ ಕೇಸಿಗೆ ಪ್ಲೇಟಿಂಗ್ ಮಾಡುವಾಗ ಕರೆಂಟ್ ಹರಿಸಿ ಲೋಹ ಕೂರಿಸುತ್ತಾರಲ್ಲ, ಇದು ಅದರ ತಿರುವುಮುರುವು: ವಸ್ತುವಿನ ಲೋಹವೇ ಕರಗುತ್ತದೆ, ಉಬ್ಬಿದ್ದು ಮೊದಲು. ಹೊತ್ತು ಮೀರಿದರೆ ಕಡ್ಡಿಯೇ ಸಣಕಲಾಗುತ್ತದೆ. ಕೊನೆಗೆ ಮೈಕ್ರೋಸ್ಕೋಪ್ ಅಡಿ ಇಟ್ಟು ನೋಡಬೇಕು. ನಮ್ಮಲ್ಲಿ ಹಲ್ಲುಚಕ್ರದಲ್ಲಿ ಒಂದು ಚೂರು ಬರ್ (ಅಂಚಿನ ಲೋಹದ ಮುಳ್ಳು) ಉಳಿದರೂ ವಾಚು ನಿಂತುಬಿಡುತ್ತಿತ್ತು. ಬಿಚ್ಚಿ ನೋಡುತ್ತಿದ್ದೆವು. ನನ್ನ ಎದೆ ಬಿಚ್ಚಿ ನೋಡುವವರು ಯಾರು ಸ್ವಾಮಿ? 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಮಿತಿ ಹಾಕಿದಾಗ ಬೆಲೆಯ ಬಗ್ಗೆ ಊರೆಲ್ಲ ಮಾತಾಡಿತು, ಅಂಚಿನ ಬಗ್ಗೆ ಒಬ್ಬರೂ ಆಡಲಿಲ್ಲ.

ಮೂಳೆಗೆ ಹಾಕುವ ಟೈಟಾನಿಯಂ ಪ್ಲೇಟಿನದು ಇನ್ನೊಂದು ಪೇಚು. ನೈಟ್ರೋಜನ್ ಊದುತ್ತಾ ಕೊಯ್ದರೆ ಅಂಚಿಗೆ ಚಿನ್ನದ ಬಣ್ಣದ ಪೆಡಸು ಪದರ ಹತ್ತುತ್ತದೆ, ಅದಕ್ಕೆ ಆರ್ಗಾನ್ ಬೇಕು. (ವಾಚಿನ ಕೇಸಿಗೆ ಇದೇ ಬಣ್ಣವನ್ನು ಬೇಕೆಂದೇ ಬರಿಸುತ್ತಾರೆ!) ಇದನ್ನು ತಂಗಿಯ ಮಗನಿಗೆ ಹೇಳಿದರೆ, "ಮಾವ, ಐಟಿಐನಲ್ಲಿ ನಮಗೆ ಪ್ರೋಗ್ರಾಂ ಹಾಕಿ ಬಟನ್ ಒತ್ತೋದು ಅಷ್ಟೇ ಹೇಳಿಕೊಟ್ಟಿದ್ದು" ಅಂದ.

ನಮ್ಮ ತುಮಕೂರು ಬಳಿಯ ಕೈಗಾರಿಕಾ ಪ್ರದೇಶ ವಸಂತನರಸಾಪುರಕ್ಕೆ ಇಂಪ್ಲಾಂಟ್ (ದೇಹದೊಳಗೆ ಇಡುವ ಸಾಧನ) ಕಾರ್ಖಾನೆಗಳೂ ಬರಲಿ ಎನ್ನುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮಿಷನ್ ತರುವ ಮೊದಲು ನಮ್ಮ ಹುಡುಗರಿಗೆ ಪಾಲಿಶಿಂಗ್, ತಪಾಸಣೆ ಕಲಿಸಿ, ಕಲಿಸಲು ಹಳೇ ವಾಚ್ ಕಾರ್ಖಾನೆಯವರನ್ನು ಕರೆಯಿರಿ. ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು, ನಾವು ಇಲ್ಲೇ ಇದ್ದೇವೆ. ನನ್ನ ಐಗ್ಲಾಸ್, ಅಂದರೆ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಇನ್ನೂ ಮೇಜಿನ ಡ್ರಾಯರ್‌ನಲ್ಲಿದೆ. ಕನ್ನಡಕ ತೆಗೆದು ಅದನ್ನು ಸಿಕ್ಕಿಸಿಕೊಂಡರೆ ಈಗಲೂ ಬರ್ ಕಾಣುತ್ತದೆ.

– ನಿವೃತ್ತ ವಾಚ್ ಕಾರ್ಖಾನೆ ನೌಕರ, ತುಮಕೂರು