ಹೆಜ್ಜೇನಿಗೆ ವಿಷ ಹೊಡೆಯಲೇಬೇಕಾ?

ಸಂಪಾದಕರೇ,

ನಮ್ಮ ಅಪಾರ್ಟ್‌ಮೆಂಟಿನ ಸಜ್ಜಾ ಕೆಳಗೆ ಕಟ್ಟಿದ್ದ ಹೆಜ್ಜೇನಿಗೆ ಕಳೆದ ವಾರ ಔಷಧಿ ಹೊಡೆಸಿದರು. ಮರುದಿನ ಮೆಟ್ಟಿಲ ತುಂಬ ಸತ್ತ ಹುಳು. ಬರಿಗಾಲಲ್ಲಿ ತುಳಿದರೆ ಸತ್ತದ್ದರ ಮುಳ್ಳೂ ಚುಚ್ಚುತ್ತದೆ, ಮಕ್ಕಳಿಗೆ ಅದು ಗೊತ್ತಾಗುತ್ತಾ? ಹೆಜ್ಜೇನು ವಲಸೆ ಹೋಗುವ ಜಾತಿ. ಹೂವಿನ ಕಾಲ ಮುಗಿದರೆ ಸಾಮಾನ್ಯವಾಗಿ ತಾನಾಗಿಯೇ ಎದ್ದು ಹೋಗುತ್ತದೆ. ಅಲ್ಲಿಯವರೆಗೆ ಆ ಕಡೆಯ ಕಿಟಕಿ ಮುಚ್ಚಿ, ರಾತ್ರಿ ಬಾಲ್ಕನಿ ದೀಪ ಆರಿಸಿ, ಸುಮ್ನೆ ಬಿಟ್ಟರಾಯಿತು. ಗೋಡೆ ಸಂದಿಯ ತುಡುವೆ ಜೇನನ್ನಾದರೆ ಸಾಕುವವರು ಪೆಟ್ಟಿಗೆಗೆ ತುಂಬಿಕೊಂಡು ಹೋಗುತ್ತಾರೆ. ಬಾಗಿಲ ಪಕ್ಕದ ಕಣಜದ ಗೂಡು ಬೇರೆ ಮಾತು. ಅದು ದೊಡ್ಡದಾಗುವ ಮೊದಲೇ ತಿಳಿದವರಿಂದ ತೆಗೆಸಬೇಕು. ಸಂಘದವರು ಔಷಧಿ ಹೊಡೆಯುವವರಿಗೆ ಫೋನ್ ಮಾಡುವ ಮೊದಲು ಜೇನು ಕೃಷಿಕರನ್ನು ಒಂದು ಮಾತು ಕೇಳಬಹುದು ಅಲ್ವಾ?

– ಒಬ್ಬ ನಿವಾಸಿ, ಬೆಂಗಳೂರು