ತಿರುಮಲಾಂಬ ಅವರನ್ನು ಓದಲು 2043ರವರೆಗೆ ಕಾಯಬೇಕೇ?

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ನಮಸ್ಕಾರ. ನಂಜನಗೂಡು ತಿರುಮಲಾಂಬ ಅವರ ಹೆಸರನ್ನು ನೀವು ಕೇಳಿರುತ್ತೀರಿ. ಭಾಷಣಗಳಲ್ಲಿ ಬರುತ್ತದೆ, ರಸಪ್ರಶ್ನೆಯಲ್ಲಿ ಬರುತ್ತದೆ. ಅವರ ಪುಸ್ತಕ ಓದೋಣ ಎಂದು ಅಂಗಡಿಗೆ ಹೋದರೆ ಮಾತ್ರ ಸುಲಭಕ್ಕೆ ಸಿಗುವುದಿಲ್ಲ.

ಬಾಲ್ಯದಲ್ಲೇ ಮದುವೆಯಾಗಿ, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು ಅವರು. ಆ ಕಾಲದಲ್ಲಿ ಅಂಥ ಹುಡುಗಿಯರ ಪಾಲಿಗೆ ಉಳಿಯುತ್ತಿದ್ದದ್ದು ಮನೆಯ ಒಂದು ಮೂಲೆ. ತಿರುಮಲಾಂಬ ಬರೆಯಲು ಕೂತರು. ಬರೆದದ್ದನ್ನು ಅಚ್ಚು ಹಾಕಿಸಲು 1913ರಲ್ಲಿ ತಾವೇ ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿದರು. ‘ಸುಶೀಲೆ’ ಕಾದಂಬರಿ ಬಂದದ್ದು ಹಾಗೆ. ಆಮೇಲೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಈಗಿನವರಿಗೆ ಅವರ ಬರವಣಿಗೆಯಲ್ಲಿ ಉಪದೇಶ ಸ್ವಲ್ಪ ಜಾಸ್ತಿ ಅನ್ನಿಸಬಹುದು. ನನಗೂ ಅನ್ನಿಸುತ್ತದೆ. ಆದರೆ ಹಾಗೆ ತಕರಾರು ತೆಗೆಯಲಾದರೂ ಪುಸ್ತಕ ಕೈಗೆ ಸಿಗಬೇಕಲ್ವಾ?

ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ, ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದಿಂದ. ತಿರುಮಲಾಂಬ ತೀರಿಕೊಂಡದ್ದು 1982ರಲ್ಲಿ. ಅಂದರೆ 1913ರ ಪುಸ್ತಕಕ್ಕೆ ಬಿಡುಗಡೆ 2043ಕ್ಕೆ! ಅಲ್ಲಿಯವರೆಗೆ ಯಾರಾದರೂ ಅಚ್ಚು ಹಾಕಬೇಕೆಂದರೆ ವಾರಸುದಾರರನ್ನು ಹುಡುಕಿ ಒಪ್ಪಿಗೆ ಪಡೆಯಬೇಕು. ನಾಲ್ಕುನೂರು ಪ್ರತಿ ಮಾರುವ ಸಣ್ಣ ಪ್ರಕಾಶಕರು ಈ ತಲೆನೋವು ಯಾಕೆ ಎಂದು ಸುಮ್ಮನಾಗುತ್ತಾರೆ.

ಕೊಡಗಿನ ಗೌರಮ್ಮನವರ ವಿಷಯ ಬೇರೆ. 1939ರಲ್ಲಿ, 27ರ ವಯಸ್ಸಿಗೇ ನೀರುಪಾಲಾದರು. ಅವರ ಕಥೆಗಳು ಕಾಪಿರೈಟ್‌ನಿಂದ ಹೊರಬಂದು ವರ್ಷಗಳೇ ಆದವು. ಯಾರು ಬೇಕಾದರೂ ಅಚ್ಚು ಹಾಕಬಹುದು, ಓದಿ ಆಡಿಯೋ ಮಾಡಬಹುದು. ದೀಪಾ ಭಾಸ್ತಿ ಅವನ್ನು ಇಂಗ್ಲಿಷಿಗೂ ತಂದಿದ್ದಾರೆ. ಹೆಚ್ಚು ವರ್ಷ ಬದುಕಿದ ಲೇಖಕಿಯೇ ಹೆಚ್ಚು ಕಾಲ ಕಪಾಟಿನಲ್ಲಿ ಉಳಿಯುವುದು ಎಂಥ ವಿಚಿತ್ರ ನೋಡಿ.

ಪಕ್ಕದ ತಮಿಳುನಾಡು ಇದಕ್ಕೆ ದಾರಿ ಕಂಡುಕೊಂಡು ಎಷ್ಟೋ ಕಾಲವಾಯಿತು. 1949ರಲ್ಲಿ ಸುಬ್ರಹ್ಮಣ್ಯ ಭಾರತಿಯವರ ಬರಹಗಳಿಂದ ಶುರು. ಸರ್ಕಾರ ವಾರಸುದಾರರಿಗೆ ಒಂದು ಮೊತ್ತ ಕೊಟ್ಟು ಹಕ್ಕನ್ನು ಕೊಂಡುಕೊಳ್ಳುತ್ತದೆ, ಆಮೇಲೆ ಆ ಬರಹ ಎಲ್ಲರಿಗೂ ಮುಕ್ತ. ಇದೇ ಕೆಲಸವನ್ನು ನಮ್ಮಲ್ಲೂ ಮಾಡಿ ಎಂಬುದು ನನ್ನ ಬೇಡಿಕೆ. ತಿರುಮಲಾಂಬ ಅವರಿಂದಲೇ ಶುರುವಾಗಲಿ. ವಾರಸುದಾರರು ಪತ್ತೆಯಾಗದ ಲೇಖಕರಿದ್ದರೆ ಕಾಪಿರೈಟ್ ಕಾಯ್ದೆಯ 31ಎ ಕಲಮಿನಲ್ಲಿ ಪರವಾನಗಿ ಪಡೆಯಲು ಅವಕಾಶವಿದೆ. ಒಬ್ಬ ಪ್ರಕಾಶಕನಿಗೆ ಅದು ವರ್ಷಗಟ್ಟಲೆ ಓಡಾಟ. ನಿಮ್ಮ ಇಲಾಖೆಗೆ ಒಂದು ಕಡತ, ಅಷ್ಟೇ.

ದಪ್ಪ ದಪ್ಪ ಸಂಪುಟ, ಬಿಡುಗಡೆ ಸಮಾರಂಭ, ಹಾರ ತುರಾಯಿ ಯಾವುದೂ ಬೇಡ ಸಾರ್. ಹಕ್ಕು ಕೊಂಡು ಬಿಟ್ಟುಕೊಡಿ. ಟೈಪ್ ಮಾಡುವುದು, ಕರಡು ತಿದ್ದುವುದು, ನಾಲ್ಕು ಜನಕ್ಕೆ ಹಂಚುವುದು ನಮಗಿರಲಿ.

ಇಂತಿ,
ಒಬ್ಬ ಓದುಗ