ಪದವೀಧರರ ವೋಟು ಕೆಡುವುದು ಎಲ್ಲಿ? ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರಕ್ಕೆ ಹೆಸರು ನೋಂದಾಯಿಸಿ ಎಂಬ ಪ್ರಕಟಣೆ ಬಂದಾಗಲೆಲ್ಲ ಬಹಳ ಜನ ‘ಹೋದ ಸಲ ವೋಟು ಹಾಕಿದ್ದೆನಲ್ಲ, ಹೆಸರು ಇದ್ದೇ ಇರುತ್ತೆ’ ಎಂದು ಪೇಪರ್ ಮಡಚಿಡುತ್ತಾರೆ. ಎಡವುವುದೇ ಅಲ್ಲಿ. ವಿಧಾನಸಭೆಯ ಮತದಾರರ ಪಟ್ಟಿ ವರ್ಷವರ್ಷ ಪರಿಷ್ಕರಣೆಯಾಗುತ್ತದೆ. ಪದವೀಧರರ ಪಟ್ಟಿ ಪ್ರತಿ ಚುನಾವಣೆಗೂ ಸೊನ್ನೆಯಿಂದ ತಯಾರಾಗುತ್ತದೆ. ಹಳೇ ಪಟ್ಟಿಗೆ ಕವಡೆ ಕಿಮ್ಮತ್ತಿಲ್ಲ. ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಇದ್ದ ಮಾತ್ರಕ್ಕೆ ಈ ಪಟ್ಟಿಗೆ ಹೆಸರು ಬರುವುದಿಲ್ಲ; ನಮೂನೆ 18ರ ಅರ್ಜಿ ತುಂಬಲೇಬೇಕು. ಶಿಕ್ಷಕರ ಕ್ಷೇತ್ರಕ್ಕೆ ನಮೂನೆ 19.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕು ಇದೆ, ಅದನ್ನು ತಮ್ಮ ಕಚೇರಿಯ ಫಲಕಗಳು ಬಿಡಿಸಿ ಹೇಳಬೇಕು. ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಆಗ್ನೇಯ ಕ್ಷೇತ್ರಕ್ಕೆ ಸೇರಿವೆ. ಚಿತ್ರದುರ್ಗ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಜೊತೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ನೈರುತ್ಯಕ್ಕೆ. ಅಂದರೆ ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಕೊಡಗಿನ ಜೊತೆ. 1997ರಲ್ಲಿ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಇತ್ತ ಬಂದವು, ವಿಧಾನ ಪರಿಷತ್ತಿನ ಲೆಕ್ಕದಲ್ಲಿ ಮಾತ್ರ ಇನ್ನೂ ಅತ್ತಲೇ ಇವೆ. ಚುನಾವಣೆಯ ವರ್ಷವೂ ಬೇರೆ: ಆಗ್ನೇಯ ಪದವೀಧರರು 2020ರ ಅಕ್ಟೋಬರ್‌ನಲ್ಲಿ, ನೈರುತ್ಯದವರು 2024ರ ಜೂನ್‌ನಲ್ಲಿ ವೋಟು ಹಾಕಿದರು. ಸದಸ್ಯರ ಅವಧಿ 6 ವರ್ಷ. ‘ಜಿಲ್ಲೆಯ ಪದವೀಧರರೇ ಹೆಸರು ನೋಂದಾಯಿಸಿ’ ಎಂದಷ್ಟೇ ಬರೆದರೆ ಅರ್ಧ ಜಿಲ್ಲೆ ಸುಮ್ಮನೆ ತಾಲ್ಲೂಕು ಕಚೇರಿಗೆ ಅಲೆಯುತ್ತದೆ. ಲೆಕ್ಕಕ್ಕೆ ಬರುವುದು ವಾಸದ ಊರು. ದಾವಣಗೆರೆಯಲ್ಲಿ ಕೆಲಸ, ಚನ್ನಗಿರಿಯಲ್ಲಿ ಮನೆ ಎಂದರೆ ನೈರುತ್ಯ. ಪದವಿ ಭಾರತದ ಯಾವ ವಿಶ್ವವಿದ್ಯಾಲಯದ್ದಾದರೂ ನಡೆಯುತ್ತದೆ.

ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ತಾರೀಖಿನ ಮೇಲೆ. ನವೆಂಬರ್ 1 ಅರ್ಹತಾ ದಿನ. ಆ ಹೊತ್ತಿಗೆ ಪದವಿಯಾಗಿ 3 ವರ್ಷ ತುಂಬಿರಬೇಕು. ಎಣಿಕೆ ಫಲಿತಾಂಶ ಪ್ರಕಟವಾದ ದಿನದಿಂದ, ಘಟಿಕೋತ್ಸವದ ದಿನದಿಂದಲ್ಲ. ಕಟ್ಟುಕಟ್ಟಾಗಿ ಯಾರೋ ತಂದುಕೊಡುವ ಅರ್ಜಿಗಳನ್ನು ತೆಗೆದುಕೊಳ್ಳುವಂತಿಲ್ಲ. ಆದರೆ ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯದನ್ನು, ಮನೆಯವರೊಬ್ಬರು ಅದೇ ಮನೆಯ ಉಳಿದವರದನ್ನು ಒಟ್ಟಿಗೆ ಕೊಡಬಹುದು. ಈ ಸವಲತ್ತು ಎಷ್ಟು ಪ್ರಾಂಶುಪಾಲರಿಗೆ ಗೊತ್ತು?

ಇನ್ನು ಮತಪತ್ರ. ಇಲ್ಲಿ ಇವಿಎಂ ಇಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಅಭ್ಯರ್ಥಿಯ ಮುಂದಿನ ಚೌಕದಲ್ಲಿ 1 ಬರೆಯಬೇಕು. ಬೇಕಿದ್ದರೆ ಬೇರೆಯವರಿಗೆ 2, 3. ಕನ್ನಡದ ೧ ಕೂಡ ಆಗುತ್ತದೆ, ಅಕ್ಷರದಲ್ಲಿ ‘ಒಂದು’ ಎಂದರೆ ಆಗದು. ಟಿಕ್ ಹಾಕಿದರೂ, ಸಹಿ ಮಾಡಿದರೂ, ಇಬ್ಬರಿಗೆ 1 ಕೊಟ್ಟರೂ, 1 ಬಿಟ್ಟು 2ರಿಂದ ಶುರುಮಾಡಿದರೂ ಮತ ಕುಲಗೆಟ್ಟಿತು. 2 ಎರಡು ಕಡೆ ಬಿದ್ದರೆ ಮಾತ್ರ 1ಕ್ಕೆ ಧಕ್ಕೆಯಿಲ್ಲ, ಮುಂದಿನವು ಲೆಕ್ಕಕ್ಕಿಲ್ಲ ಅಷ್ಟೆ. ಡಿಗ್ರಿ ಓದಿದವರ ಚುನಾವಣೆಯಲ್ಲೇ ಮತಗಳು ಅಸಿಂಧುವಾಗುವುದು ನಗೆಪಾಟಲು, ಆದರೆ ದೋಷ ಪೂರ್ತಿ ಮತದಾರರದ್ದಲ್ಲ. ಇನ್ನೆಲ್ಲ ಚುನಾವಣೆಯೂ ಅವರಿಗೆ ಗುಂಡಿ ಒತ್ತುವುದನ್ನು ಕಲಿಸಿದೆ.

2 ಯಾಕೆ ಬರೆಯಬೇಕು ಎಂಬುದನ್ನೂ ಯಾರೂ ಹೇಳುವುದಿಲ್ಲ. ಸಿಂಧು ಮತ 30,000 ಇದ್ದರೆ ಗೆಲ್ಲಲು 15,001 ಬೇಕು. ಯಾರಿಗೂ ಅಷ್ಟು ಬರದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು 2 ಇರುವ ಅಭ್ಯರ್ಥಿಗೆ ವರ್ಗಾಯಿಸುತ್ತಾರೆ. ಬರೀ 1 ಬರೆದ ಚೀಟಿ ಅಲ್ಲಿಗೆ ಪಕ್ಕಕ್ಕೆ ಹೋಯಿತು. ‘1 ಮಾತ್ರ ಹಾಕಿ ಸಾಕು’ ಎಂದು ಮನೆಬಾಗಿಲಿಗೆ ಬಂದು ಹೇಳುವವರು ಹೇಳುವುದು ತಮ್ಮ ಅನುಕೂಲಕ್ಕೆ.

ಇಷ್ಟಕ್ಕೂ ವಿಧಾನ ಪರಿಷತ್ತಿನಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. 75 ಸದಸ್ಯರಲ್ಲಿ ಪದವೀಧರರ ಪ್ರತಿನಿಧಿಗಳು 7, ಶಿಕ್ಷಕರದ್ದು 7. ಹಣಕಾಸು ಮಸೂದೆಯನ್ನು 14 ದಿನಕ್ಕಿಂತ ಹೆಚ್ಚು ತಡೆಯಲಾಗದು. ಉಳಿದ ಮಸೂದೆಯನ್ನು ತಿರಸ್ಕರಿಸಿದರೂ ವಿಧಾನಸಭೆ ಮತ್ತೊಮ್ಮೆ ಪಾಸು ಮಾಡಬಹುದು. 2024ರ ಫೆಬ್ರುವರಿ 23ರಂದು ಪರಿಷತ್ತಿನಲ್ಲಿ ಬಿದ್ದ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ 29ಕ್ಕೆ ವಿಧಾನಸಭೆಯಲ್ಲಿ ಮತ್ತೆ ಅಂಗೀಕಾರವಾಯಿತು. ಅಧಿಕಾರ ಕಡಿಮೆಯೇ, ಒಪ್ಪೋಣ. ಆದರೆ ಅತಿಥಿ ಉಪನ್ಯಾಸಕರ ವೇತನದ ಬಗ್ಗೆ ಮಂತ್ರಿಯನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಜಾಗವೂ ಅದೇ.

ಮುಂದಿನ ಪಟ್ಟಿಯ ಕೆಲಸ ಶುರುವಾಗುವ ಮೊದಲೇ ಪ್ರತಿ ತಾಲ್ಲೂಕು ಕಚೇರಿಯಲ್ಲಿ ‘ಈ ತಾಲ್ಲೂಕು ಯಾವ ಕ್ಷೇತ್ರ, ಯಾವ ವರ್ಷ’ ಎಂದು ಎರಡು ಸಾಲಿನ ಬೋರ್ಡು ಹಾಕಿಸಿ. ಕಾಲೇಜುಗಳ ಮುಖ್ಯಸ್ಥರಿಗೆ ಸಿಬ್ಬಂದಿಯ ಅರ್ಜಿ ಒಟ್ಟಿಗೆ ಕಳಿಸಬಹುದೆಂದು ಸುತ್ತೋಲೆ ಹೊರಡಿಸಿ. ಮತದಾನದ ದಿನ ಸಾಲು ನಿಲ್ಲುವ ಕಡೆ ಒಂದು ದೊಡ್ಡ ಮಾದರಿ ಮತಪತ್ರ ತೂಗುಹಾಕಿಸಿ, ಅದರಲ್ಲಿ ಹೆಸರಿನ ಬದಲು ಹಣ್ಣಿನ ಚಿತ್ರವಿರಲಿ, 1 ಮತ್ತು 2 ನೇರಳೆ ಬಣ್ಣದಲ್ಲೇ ಇರಲಿ.

ಇಂತಿ,
ದಾವಣಗೆರೆ ಜಿಲ್ಲೆಯ ಕೆಲವು ಪದವೀಧರ ಮತದಾರರು